ಎರಡನೇ ಗೇರು ಮೊದಲು ಸವೆಯುವುದು ಯಾಕೆ

ಆ ಸದ್ದು ಮೊದಲ ಸಲ ಕೇಳಿಸಿದ್ದು ಚಾರ್ಮಾಡಿ ಘಾಟಿಯಲ್ಲಿ. ಉಜಿರೆ ಕಡೆಯಿಂದ ಮೂಡಿಗೆರೆಗೆ ಬರುತ್ತಿದ್ದೆ. ತಿರುವಿನಲ್ಲಿ ಮುಂದಿನ ಬಸ್ಸು ನಿಧಾನವಾಯಿತು. ನಾನು ಮೂರರಿಂದ ಎರಡಕ್ಕೆ ಗೇರ್ ಎಳೆದೆ. ಒಳಗಿನಿಂದ ‘ಕರ್ರ್’ ಅಂತ ಹಲ್ಲು ಕಡಿದ ಹಾಗೆ ಸದ್ದು ಬಂತು, ಗೇರ್ ರಾಡ್ ಅಂಗೈಯಲ್ಲಿ ನಡುಗಿತು. ಮುಂದಿನ ತಿರುವಿನಲ್ಲೂ ಅದೇ. ಕೊಟ್ಟಿಗೆಹಾರ ಮುಟ್ಟಿ, ಗಾಡಿ ನಿಲ್ಲಿಸಿ, ನೀರುದೋಸೆ ತಿನ್ನುವಾಗಲೂ ನನ್ನ ಗಮನ ಆ ಸದ್ದಿನ ಮೇಲೇ ಇತ್ತು. ಅದು ಅಪ್ಪನ ಕಾರು. ಸಣ್ಣ ಕಾರು, ಹಳೆಯದು. ಅಪ್ಪ ಅದನ್ನು ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿಸಿ ನನ್ನ ಕೈಗೆ ಕೊಟ್ಟಿದ್ದರು. ಅವರ ಕೈಯಲ್ಲಿ ಇದ್ದಷ್ಟು ದಿನ ಅದು ಒಮ್ಮೆಯೂ ಹೀಗೆ ಕೂಗಿರಲಿಲ್ಲ.

ಗಮನಿಸಿದರೆ ಮೂರು, ನಾಲ್ಕು, ಐದು ಎಲ್ಲ ಸರಿಯಾಗಿಯೇ ಬೀಳುತ್ತಿದ್ದವು. ಒಂದರಿಂದ ಎರಡಕ್ಕೆ ಹಾಕಿದರೂ ತೊಂದರೆ ಇಲ್ಲ. ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಸದ್ದು. ಎರಡು ತಿಂಗಳು ಹಾಗೇ ಓಡಿಸಿದೆ. ಸದ್ದು ಬರುವ ಮೊದಲೇ ಗೇರ್ ಒಳಗೆ ಹೋಗಿಬಿಡಲಿ ಅಂತ ರಾಡನ್ನು ಇನ್ನೂ ಜೋರಾಗಿ ಎಳೆಯುತ್ತಿದ್ದೆ. ಇದನ್ನು ತುಂಬ ಜನ ಮಾಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಗೇರ್ ಬಾಕ್ಸ್ ಹಾಳಾಗತೊಡಗಿದ ಮೇಲೆ ಅದನ್ನು ಬೇಗ ಮುಗಿಸುವುದು ಈ ಜೋರೇ.

ಆಮೇಲೆ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ ವಯಸ್ಸಾದವರು, ಮೊದಲು ಲಾರಿಗಳ ಕೆಲಸ ಮಾಡಿದವರು. ಗೇರ್ ಬಾಕ್ಸ್ ಇಳಿಸಿ, ಒಂದೊಂದೇ ಭಾಗ ಬಿಚ್ಚಿ, ಹಳೇ ಪೇಪರಿನ ಮೇಲೆ ಸಾಲಾಗಿ ಜೋಡಿಸಿದರು. ಅದರಲ್ಲಿ ಬಳೆಯಂಥ ಹಿತ್ತಾಳೆ ರಿಂಗುಗಳಿದ್ದವು. ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟು, “ಒಳಗಡೆ ಬೆರಳಾಡ್ಸಿ ನೋಡಮ್ಮ” ಅಂದರು. ನುಣ್ಣಗಿತ್ತು. ಇನ್ನೊಂದನ್ನು ಕೊಟ್ಟರು, ಅದು ಐದನೇ ಗೇರಿನದು. ಅದರ ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳು ಉಗುರಿಗೆ ತಾಗಿದವು. “ಈ ಗೀರು ಹೋಯ್ತು ಅಂದ್ರೆ ಬಳೆ ಹಿಡಿಯಲ್ಲ. ಬಳೆ ಹಿಡೀದಿದ್ರೆ ಹಲ್ಲು ಹಲ್ಲಿಗೆ ಹೊಡೀತದೆ.” ನಾನು ಆವರೆಗೆ ಓದಿದ್ದ ಯಾವ ವಿವರಣೆಯೂ ಇಷ್ಟು ಸುಲಭವಾಗಿ ತಲೆಗೆ ಹೋಗಿರಲಿಲ್ಲ.

ಆ ಬಳೆಯ ಹೆಸರು ಸಿಂಕ್ರೊನೈಜರ್ ರಿಂಗ್. ಗ್ಯಾರೇಜಿನಲ್ಲಿ ಸಿಂಕ್ರೊ ರಿಂಗ್ ಅಂತಾರೆ. ಅದರ ಕೆಲಸ ಏನು ಅನ್ನುವುದು ಗೊತ್ತಾದರೆ ಗೇರ್ ಹಾಕುವ ರೀತಿಯೇ ಬದಲಾಗುತ್ತದೆ. ನನಗಂತೂ ಹಾಗಾಯಿತು.

ಗೇರ್ ಹಾಕಿದಾಗ ಹಲ್ಲಿನ ಚಕ್ರವೊಂದು ಸರಿದು ಬಂದು ಇನ್ನೊಂದು ಚಕ್ರಕ್ಕೆ ಸೇರಿಕೊಳ್ಳುತ್ತದೆ ಅಂತ ನಾನು ಅಂದುಕೊಂಡಿದ್ದೆ. ಈಗಿನ ಕಾರುಗಳಲ್ಲಿ ಹಾಗಿಲ್ಲ. ಮುಂದಕ್ಕೆ ಓಡುವ ಗೇರುಗಳ ಚಕ್ರಗಳೆಲ್ಲ ಜೋಡಿ ಜೋಡಿಯಾಗಿ ಯಾವಾಗಲೂ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಪ್ರತಿ ಜೋಡಿಯಲ್ಲೂ ಒಂದು ಚಕ್ರ ತನ್ನ ಶಾಫ್ಟಿನ ಮೇಲೆ ಸಡಿಲವಾಗಿ ಸುತ್ತುತ್ತಿರುತ್ತದೆ. ನಾವು ರಾಡ್ ಎಳೆದಾಗ ಒಳಗೆ ಸರಿಯುವುದು ಒಂದು ಸ್ಲೀವ್. ಅದು ಹೋಗಿ ನಮಗೆ ಬೇಕಾದ ಚಕ್ರದ ಪಕ್ಕದ ಸಣ್ಣ ಹಲ್ಲುಗಳನ್ನು ಹಿಡಿದು, ಸಡಿಲವಿದ್ದ ಚಕ್ರವನ್ನು ಶಾಫ್ಟಿಗೆ ಕಟ್ಟಿಹಾಕುತ್ತದೆ. ಆದರೆ ಸ್ಲೀವ್ ಒಂದು ವೇಗದಲ್ಲಿ ಸುತ್ತುತ್ತಿರುತ್ತದೆ, ಚಕ್ರ ಇನ್ನೊಂದು ವೇಗದಲ್ಲಿ. ಎರಡೂ ಒಂದೇ ವೇಗಕ್ಕೆ ಬರದೆ ಸೇರಿಸಿದರೆ ಕರ್ರ್ ಅನ್ನದೆ ಇನ್ನೇನು? ಅದಕ್ಕೇ ನಡುವೆ ಈ ಹಿತ್ತಾಳೆ ಬಳೆ. ಮೊದಲು ಬಳೆ ಹೋಗಿ ಚಕ್ರದ ಕೋನ್ (ಪಕ್ಕದಲ್ಲಿ ಓರೆಯಾಗಿ ಕಿರಿದಾಗುವ ಭಾಗ) ಮೇಲೆ ಉಜ್ಜಿ ವೇಗ ಸಮ ಮಾಡುತ್ತದೆ. ಸಮ ಆಗುವವರೆಗೂ ಸ್ಲೀವ್ ಮುಂದೆ ಹೋಗದಂತೆ ಅಡ್ಡ ನಿಲ್ಲುತ್ತದೆ. ಸಮ ಆದ ಮೇಲೆ ದಾರಿ ಬಿಡುತ್ತದೆ. ಇಷ್ಟೂ ಆಗಲು ಒಂದು ಸೆಕೆಂಡಿಗಿಂತ ಕಡಿಮೆ ಸಾಕು, ಆದರೆ ಆ ಸ್ವಲ್ಪ ಹೊತ್ತು ಅದಕ್ಕೆ ಸಿಗಲೇಬೇಕು. ಗೇರ್ ಹಾಕುವಾಗ ರಾಡ್ ನಡುವೆ ಎಲ್ಲೋ ತಡೆದು ಆಮೇಲೆ ಒಳಗೆ ಜಾರುತ್ತದಲ್ವಾ? ಆ ತಡೆಯೇ ಬಳೆ.

ಈಗ ಎರಡನೇ ಗೇರಿನ ವಿಷಯ. ಒಂದು ಕಾರಿನ ಮೂರನೇ ಗೇರಿನ ಅನುಪಾತ 1.3, ಎರಡನೆಯದು 1.9 ಅಂದುಕೊಳ್ಳಿ. ಅಂದರೆ ಗೇರ್ ಬಾಕ್ಸಿನಿಂದ ಹೊರಡುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಮೂರರಲ್ಲಿ 1.3 ಸುತ್ತು, ಎರಡರಲ್ಲಿ 1.9 ಸುತ್ತು ತಿರುಗಬೇಕು. ಮೂರರಲ್ಲಿ ಹೋಗುವಾಗ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಎರಡಕ್ಕೆ ಹಾಕಿದಾಗ ಸುಮಾರು 2900 ಸುತ್ತು ಬೇಕು. ಕ್ಲಚ್ ಒತ್ತಿರುವುದರಿಂದ ಎಂಜಿನ್ ಸಹಾಯಕ್ಕೆ ಬರುವುದಿಲ್ಲ. ಗೇರ್ ಬಾಕ್ಸಿನ ಒಳಶಾಫ್ಟನ್ನೂ ಅದಕ್ಕೆ ಅಂಟಿಕೊಂಡ ಕ್ಲಚ್ ಪ್ಲೇಟನ್ನೂ 2000ದಿಂದ 2900ಕ್ಕೆ ಎಳೆದು ಏರಿಸಬೇಕಾದದ್ದು ಆ ಬಳೆಯೊಂದೇ. ಮೇಲಿನ ಗೇರಿಗೆ ಹೋಗುವಾಗ ಶಾಫ್ಟ್ ನಿಧಾನವಾಗಬೇಕು. ಎಣ್ಣೆಯ ಎಳೆತಕ್ಕೆ ಅದು ತಾನಾಗಿಯೇ ನಿಧಾನವಾಗುತ್ತಿರುತ್ತದೆ, ಹಾಗಾಗಿ ಬಳೆಗೆ ಕೆಲಸ ಹಗುರ. ಕೆಳಗಿನ ಗೇರಿಗೆ ಬರುವಾಗ ಅದೇ ಎಣ್ಣೆ ಬಳೆಗೆ ಎದುರಾಗಿ ಎಳೆಯುತ್ತದೆ. ಅದಕ್ಕೇ ಸವೆದ ಗೇರ್ ಬಾಕ್ಸ್ ಮೊದಲು ಕೂಗುವುದು ಇಳಿಸುವಾಗ.

ಜೊತೆಗೆ ನಮ್ಮ ರಸ್ತೆಗಳು. ಊರು ಶುರುವಾಗುವಲ್ಲಿ ಒಂದು ಹಂಪ್, ಶಾಲೆ ಮುಂದೆ ಒಂದು, ದೇವಸ್ಥಾನದ ಹತ್ತಿರ ಒಂದು, ಊರು ಮುಗಿಯುವಲ್ಲಿ ಮತ್ತೊಂದು. ನಡುವೆ ಹಸು, ನಾಯಿ, ದಾರಿಗೆ ಅಡ್ಡ ಬರುವ ಬೈಕು. ಹಂಪ್ ಬಂದಾಗಲೆಲ್ಲ ಎರಡಕ್ಕೆ ಇಳಿಸಬೇಕು. ಮೂಡಿಗೆರೆಯಿಂದ ಬೇಲೂರಿಗೆ ಹೋಗುವಾಗ ಒಂದು ದಿನ ಎಷ್ಟು ಸಲ ಎರಡಕ್ಕೆ ಇಳಿಸುತ್ತೇನೆ ಅಂತ ಎಣಿಸಲು ಶುರು ಮಾಡಿದೆ. ಐವತ್ತಾದ ಮೇಲೆ ಬಿಟ್ಟೆ. ಅದೇ ದಾರಿಯಲ್ಲಿ ಐದನೇ ಗೇರ್ ಹಾಕಿದ್ದು ಬೆರಳಲ್ಲಿ ಎಣಿಸುವಷ್ಟು. ಘಾಟಿಯಲ್ಲಂತೂ ಪ್ರತಿ ತಿರುವಿಗೂ ಎರಡೇ ಗತಿ. ಎರಡನೇ ಗೇರಿನ ಬಳೆ ನುಣ್ಣಗಾಗಿ, ಐದನೆಯದರಲ್ಲಿ ಗೀರುಗಳು ಹೊಸದರ ಹಾಗೆ ಉಳಿದದ್ದಕ್ಕೆ ಬೇರೆ ಕಾರಣ ಹುಡುಕಬೇಕಿರಲಿಲ್ಲ.

ಆದರೆ ಅಪ್ಪನೂ ಅದೇ ರಸ್ತೆಯಲ್ಲಿ ಓಡಿಸಿದವರು. ಅವರಿಗೆ ಎಪ್ಪತ್ತು ಸಾವಿರ ಕಿಲೋಮೀಟರಿಗೆ ಆಗದ್ದು ನನಗೆ ಹದಿಮೂರು ಸಾವಿರದಲ್ಲಿ ಆಯಿತು. ಇದಕ್ಕೆ ಉತ್ತರವನ್ನೂ ಆ ಮೆಕ್ಯಾನಿಕ್ಕೇ ಕೊಟ್ಟರು. ಗಾಡಿ ಜೋಡಿಸಿದ ಮೇಲೆ ಪಕ್ಕದಲ್ಲಿ ಕೂತು ಒಂದು ಸುತ್ತು ಬಂದರು. ಅವರು ನನ್ನ ಕೈ ನೋಡಲಿಲ್ಲ, ಎಡಗಾಲು ನೋಡುತ್ತಿದ್ದರು. ವಾಪಸ್ ಬಂದ ಮೇಲೆ, “ಕ್ಲಚ್ಚು ಕೆಳಗಿನ ತನಕ ಹೋಗ್ತಾ ಇಲ್ಲಮ್ಮ” ಅಂದರು. ನಿಜ. ಸೀಟು ಅಪ್ಪನ ಕಾಲಿನ ಅಳತೆಗೆ ಇತ್ತು. ಅಪ್ಪ ನನಗಿಂತ ಅರ್ಧ ಅಡಿ ಎತ್ತರ. ಸೀಟು ಮುಂದೆ ಸರಿಸುವ ಹಿಡಿ ಬಿಗಿಯಾಗಿತ್ತು ಅಂತ ಹಾಗೇ ಬಿಟ್ಟಿದ್ದೆ. ಸಾಲದ್ದಕ್ಕೆ ಮಳೆಗಾಲದ ಕೆಸರಿಗೆ ಅಂತ ದಪ್ಪ ಮ್ಯಾಟ್ ಹಾಕಿದ್ದೆ. ಪೆಡಲ್ ನೆಲ ಮುಟ್ಟಲು ಒಂದು ಇಂಚು ಬಾಕಿ ಇರುವಾಗಲೇ ನಾನು ಗೇರ್ ಎಳೆಯುತ್ತಿದ್ದೆ.

ಆ ಒಂದು ಇಂಚಿನಲ್ಲಿ ಏನಾಗುತ್ತದೆ ಅಂದರೆ, ಕ್ಲಚ್ ಪ್ಲೇಟ್ ಎಂಜಿನ್ ಜೊತೆ ಸುತ್ತುವ ಫ್ಲೈವೀಲಿನಿಂದ ಪೂರ್ತಿ ಬಿಡುವುದಿಲ್ಲ. ಸ್ವಲ್ಪ ತಾಗಿಕೊಂಡೇ ಇರುತ್ತದೆ. ಆಗ ಬಳೆ ಬರೀ ಶಾಫ್ಟನ್ನು ಎಳೆದರೆ ಸಾಲದು, ಓಡುತ್ತಿರುವ ಎಂಜಿನ್ ಜೊತೆಗೂ ಗುದ್ದಾಡಬೇಕು. ಹಿತ್ತಾಳೆಯ ಒಂದು ತೆಳು ಬಳೆ ಎಂಜಿನ್ ಜೊತೆ ಎಷ್ಟು ದಿನ ಹೋರಾಡೀತು? ಕ್ಲಚ್ ಅರ್ಧ ಒತ್ತುವುದರಿಂದ ಕ್ಲಚ್ ಪ್ಲೇಟ್ ಸವೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಗೇರ್ ಬಾಕ್ಸ್ ಸವೆಯುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಡ್ರೈವಿಂಗ್ ಕಲಿಸುವವರು ಕ್ಲಚ್ ನಿಧಾನವಾಗಿ ಬಿಡುವುದನ್ನು ದಿನಗಟ್ಟಲೆ ಕಲಿಸುತ್ತಾರೆ. ಪೂರ್ತಿ ಒತ್ತುವುದನ್ನು ಒಂದೇ ಮಾತಲ್ಲಿ ಮುಗಿಸುತ್ತಾರೆ. ಗಾಡಿ ಕಲಿಯುವವರಿಗೆ ಕನ್ನಡಿ ಸರಿ ಮಾಡಿಕೊಳ್ಳುವುದಕ್ಕೂ ಮೊದಲು ಸೀಟು ಸರಿ ಮಾಡಿಕೊಳ್ಳಲು ಹೇಳಬೇಕು, ಅದರಲ್ಲೂ ಮನೆಯಲ್ಲಿ ಒಂದೇ ಕಾರನ್ನು ಬೇರೆ ಬೇರೆ ಎತ್ತರದವರು ಓಡಿಸುವಾಗ.

ಕ್ಲಚ್ ಪೂರ್ತಿ ಬಿಡುತ್ತಿದೆಯಾ ಅಂತ ಮನೆಯ ಅಂಗಳದಲ್ಲೇ ನೋಡಬಹುದು. ಗಾಡಿ ನಿಂತಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡ್ ಕಾದು, ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಸರಿ. ಅಷ್ಟು ಕಾದರೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡದೆ ಎಳೆಯುತ್ತಿದೆ ಅಂತ ಅರ್ಥ. ಕೇಬಲ್ ಸಡಿಲವಾಗಿರಬಹುದು, ಹೈಡ್ರಾಲಿಕ್ ಆದರೆ ಆಯಿಲ್ ಕಡಿಮೆ ಇರಬಹುದು. ಇನ್ನೊಂದು ವಿಷಯ: ಒಂದೇ ಗೇರಿನಲ್ಲಿ ಸದ್ದಾದರೆ ಸಾಮಾನ್ಯವಾಗಿ ಆ ಗೇರಿನ ಬಳೆ ಹೋಗಿದೆ, ಎಲ್ಲ ಗೇರುಗಳೂ ಬಿಗಿಯಾದರೆ ಮೊದಲು ಕ್ಲಚ್ ನೋಡಿಸಬೇಕು. ಇದು ಗೊತ್ತಿದ್ದರೆ ಸುಮ್ನೆ ಗೇರ್ ಬಾಕ್ಸ್ ಬಿಚ್ಚಿಸುವ ಖರ್ಚು ಉಳಿಯುತ್ತದೆ.

ಅದೇ ದಿನ ಅವರು ನನಗೆ ಡಬಲ್ ಕ್ಲಚ್ ಹೇಳಿಕೊಟ್ಟರು. ಹೆಸರು ಕೇಳಿದ್ದೆ, ಕಾರಣ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಅಜ್ಜಿ ಮನೆಗೆ ಹೋಗುವಾಗ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಎಂಜಿನ್ ಡಬ್ಬದ ಹತ್ತಿರ ಕೂರುತ್ತಿದ್ದೆ. ಏರು ಬಂದಾಗ ಡ್ರೈವರ್ ಕಾಲು ಎರಡು ಸಲ ಕ್ಲಚ್ ತುಳಿಯುತ್ತಿತ್ತು, ನಡುವೆ ಎಂಜಿನ್ ಒಂದು ಸಲ ‘ವ್ರೂಂ’ ಅಂತಿತ್ತು, ಆಮೇಲೆ ಆ ಉದ್ದದ ರಾಡು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತಿತ್ತು. ಆ ಕಾಲದ ಎಷ್ಟೋ ಬಸ್ಸು, ಲಾರಿಗಳ ಗೇರ್ ಬಾಕ್ಸಿನಲ್ಲಿ ಬಳೆಯೇ ಇರಲಿಲ್ಲ. ವೇಗ ಸಮ ಮಾಡುವ ಕೆಲಸವನ್ನು ಡ್ರೈವರೇ ಕಾಲಲ್ಲಿ ಮಾಡಬೇಕಿತ್ತು. ಹಳೆಯ ಅಂಬಾಸಿಡರ್, ಫಿಯಟ್‌ಗಳಲ್ಲೂ ಮೊದಲ ಗೇರಿಗೆ ಸಿಂಕ್ರೊ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲದೆ ಒಂದನೇ ಗೇರ್ ಹಾಕಬೇಡ ಅಂತ ಹಿರಿಯರು ಈಗಲೂ ಹೇಳುವುದು ಅಲ್ಲಿಂದ ಬಂದದ್ದು. ಕಾರಿಗೆ ಸಿಂಕ್ರೊಮೆಶ್, ಅಂದರೆ ಈ ಬಳೆಯ ವ್ಯವಸ್ಥೆ, ಮೊದಲು ತಂದದ್ದು ಅಮೆರಿಕದ ಕ್ಯಾಡಿಲಾಕ್, 1928ರಲ್ಲಿ. ಅದಕ್ಕೂ ಮೊದಲು ಗೇರ್ ಹಾಕುವುದೇ ಒಂದು ವಿದ್ಯೆಯಾಗಿತ್ತು.

ಡಬಲ್ ಕ್ಲಚ್ ಅಂದರೆ ಇಷ್ಟು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರುವುದು. ಅಲ್ಲಿ ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಡುವುದು. ಆಗ ಎಂಜಿನ್ ಜೊತೆಗೆ ಒಳಶಾಫ್ಟೂ ವೇಗ ಹಿಡಿಯುತ್ತದೆ. ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕುವುದು. ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ತುಂಬ ಜನ ತಪ್ಪಾಗಿ ತಿಳಿದಿರುತ್ತಾರೆ. ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರ್ ಕೊಟ್ಟು, ಗೇರ್ ಹಾಕಿ ಬಿಟ್ಟರೆ ಗಾಡಿ ಜಗ್ಗುವುದಿಲ್ಲ, ಕ್ಲಚ್ ಪ್ಲೇಟಿಗೂ ಒಳ್ಳೆಯದು. ಆದರೆ ಬಳೆಗೆ ಅದರಿಂದ ಏನೂ ಸಿಗುವುದಿಲ್ಲ. ಕ್ಲಚ್ ಒತ್ತಿರುವಾಗ ಎಂಜಿನ್ ಎಷ್ಟು ಕೂಗಿದರೂ ಆ ವೇಗ ಗೇರ್ ಬಾಕ್ಸಿನೊಳಗೆ ಬರುವುದೇ ಇಲ್ಲವಲ್ಲ. ಬಳೆಗೆ ಸಹಾಯ ಬೇಕಾದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಡಲೇಬೇಕು.

ದಿನಾ ಪೇಟೆಯಲ್ಲಿ ಡಬಲ್ ಕ್ಲಚ್ ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಈಗಿನ ಕಾರುಗಳಿಗೆ ಅದು ಬೇಕಿಲ್ಲ. ಎಡಗಾಲಿಗೆ ಇರುವ ಕೆಲಸವೇ ಜಾಸ್ತಿ. ಅದಕ್ಕಿಂತ ಸುಲಭವಾದದ್ದು ಒಂದಿದೆ: ಮೊದಲು ಬ್ರೇಕ್, ಆಮೇಲೆ ಗೇರ್. ಹಂಪ್ ಕಂಡ ತಕ್ಷಣ ನಲವತ್ತರ ವೇಗದಲ್ಲೇ ಎರಡಕ್ಕೆ ಎಳೆದು, ಎಂಜಿನ್ ತಡೆತದಿಂದ ಗಾಡಿ ನಿಧಾನ ಮಾಡುವ ಅಭ್ಯಾಸ ನನಗಿತ್ತು. ಈಗ ಮೂರರಲ್ಲೇ ಬ್ರೇಕ್ ಒತ್ತಿ ಇಪ್ಪತ್ತಕ್ಕೆ ಇಳಿಸುತ್ತೇನೆ, ಆಮೇಲೆ ಎರಡು. ಆಗಿನ ಲೆಕ್ಕವನ್ನೇ ತೆಗೆದುಕೊಳ್ಳಿ. ನಲವತ್ತರಲ್ಲಿ ಬಳೆ 900 ಸುತ್ತಿನ ಅಂತರ ತುಂಬಬೇಕಿತ್ತು ಅಂದರೆ ಇಪ್ಪತ್ತರಲ್ಲಿ 450 ಸಾಕು. ಅಂತರ ಅರ್ಧ ಆದರೆ ಬಳೆ ಉಜ್ಜಿ ಕಳೆಯಬೇಕಾದ ಶಕ್ತಿ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಅದು ಅಂತರದ ವರ್ಗಕ್ಕೆ ತಕ್ಕಂತೆ ಬೆಳೆಯುವಂಥದ್ದು. ಬ್ರೇಕ್ ಪ್ಯಾಡ್ ಸ್ವಲ್ಪ ಬೇಗ ಸವೆಯುತ್ತದೆ, ಸವೆಯಲಿ. ಪ್ಯಾಡ್ ಬದಲಿಸಲು ಒಂದು ಗಂಟೆ ಸಾಕು. ಬಳೆ ಬದಲಿಸಲು ಗೇರ್ ಬಾಕ್ಸನ್ನೇ ಇಳಿಸಬೇಕು.

ಘಾಟಿ ಇಳಿಯುವಾಗ ಈ ಮಾತು ತಿರುಗುಮುರುಗು. ಅಲ್ಲಿ ಉದ್ದಕ್ಕೂ ಬ್ರೇಕ್ ಮೇಲೇ ಇದ್ದರೆ ಬ್ರೇಕ್ ಕಾದು ಹಿಡಿಯದೆ ಹೋಗುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು. ಇಳಿಜಾರು ಶುರುವಾಗುವ ಮೊದಲೇ ನಿಧಾನ ಮಾಡಿ ಎರಡಕ್ಕೆ ಹಾಕಿಕೊಂಡರೆ ಬಳೆಗೂ ಕಷ್ಟವಿಲ್ಲ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಇಂಜೆಕ್ಷನ್ ಇರುವ ಎಂಜಿನ್ನು, ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ಇಳಿಜಾರಿನಲ್ಲಿ ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಪೆಟ್ರೋಲ್ ಬೇಕೇ ಬೇಕು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ರಿವರ್ಸ್ ಗೇರಿಗೆ ಸಾಮಾನ್ಯವಾಗಿ ಬಳೆ ಇರುವುದಿಲ್ಲ. ಕೆಲವು ಗಾಡಿಗಳಲ್ಲಿ ಇರುತ್ತದೆ, ಆದರೆ ಸಣ್ಣ ಕಾರುಗಳಲ್ಲಿ ಅಪರೂಪ. ಅಲ್ಲಿ ಹಲ್ಲಿನ ಚಕ್ರವೇ ಸರಿದು ಸೇರುವ ಹಳೆಯ ಪದ್ಧತಿ ಇನ್ನೂ ಇದೆ. ಪಾರ್ಕಿಂಗ್ ಮಾಡುವಾಗ ಗಾಡಿ ಇನ್ನೂ ಮುಂದಕ್ಕೆ ಉರುಳುತ್ತಿರುವಾಗಲೇ ರಿವರ್ಸ್ ಎಳೆದರೆ ತಿನ್ನುವುದು ನೇರವಾಗಿ ಹಲ್ಲನ್ನೇ. ಪೂರ್ತಿ ನಿಂತು, ಕ್ಲಚ್ ಒತ್ತಿ, ಎರಡು ಮೂರು ಸೆಕೆಂಡ್ ಕಾಯಬೇಕು. ಹಿಂದೆ ಹಾರ್ನ್ ಹೊಡೆಯುವವರಿದ್ದರೆ ಕಾಯಲು ಮನಸ್ಸು ಬರುವುದಿಲ್ಲ. ಆಗ ಮೊದಲು ಎರಡನೇ ಗೇರ್ ಮುಟ್ಟಿಸಿ ಆಮೇಲೆ ರಿವರ್ಸ್ ಹಾಕಿದರೆ, ಸುತ್ತುತ್ತಿರುವ ಶಾಫ್ಟನ್ನು ಎರಡನೇ ಗೇರಿನ ಬಳೆ ನಿಲ್ಲಿಸಿಕೊಡುತ್ತದೆ. ಇದನ್ನು ನಾನು ದಿನಾ ಮಾಡುತ್ತೇನೆ.

ಗೇರ್ ರಾಡ್ ಮೇಲೆ ಕೈ ಇಟ್ಟುಕೊಂಡೇ ಓಡಿಸುವ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ರಾಡ್ ಒತ್ತಿದರೆ ಸ್ಲೀವನ್ನು ಸರಿಸುವ ಒಳಗಿನ ಫೋರ್ಕ್ ಹೋಗಿ ಸುತ್ತುತ್ತಿರುವ ಸ್ಲೀವಿಗೆ ತಾಗುತ್ತದೆ, ತಾಗುತ್ತಲೇ ಇದ್ದರೆ ಸವೆಯುತ್ತದೆ. ಮಾತು ನಿಜವೇ. ಆದರೆ ಕೈಯ ಸುಮ್ಮನೆ ಭಾರಕ್ಕಿಂತ ಅರ್ಧ ಕ್ಲಚ್ಚಿನಲ್ಲಿ ಎಳೆದ ಹತ್ತು ಗೇರುಗಳು ಹೆಚ್ಚು ಹಾಳು ಮಾಡುತ್ತವೆ ಅನ್ನುವುದು ನನ್ನ ಅನಿಸಿಕೆ. ಕೈ ಸ್ಟೀರಿಂಗ್ ಮೇಲಿರಬೇಕು ಅನ್ನುವುದಕ್ಕೆ ನಮ್ಮ ರಸ್ತೆಗಳಲ್ಲಿ ಬೇರೆ ಕಾರಣಗಳು ಸಾಕಷ್ಟಿವೆ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಒಂದನೇ ಗೇರ್ ಹಾಕಿ ಕ್ಲಚ್ ಒತ್ತಿಕೊಂಡೇ ನೂರು ಸೆಕೆಂಡ್ ಕೂರುವುದು ಬೇರೆ ಸಂಗತಿ. ಅದು ತಿನ್ನುವುದು ಕ್ಲಚ್ ಒತ್ತಿದಾಗ ಕೆಲಸ ಮಾಡುವ ರಿಲೀಸ್ ಬೇರಿಂಗನ್ನು. ಕ್ಲಚ್ ಒತ್ತಿದಾಗ ಮಾತ್ರ ಕೊಂಯ್ಯ್ ಅನ್ನುವ ಸದ್ದು ಶುರುವಾದರೆ ಆ ಬೇರಿಂಗ್ ಮೇಲೆ ಅನುಮಾನ ಪಡಿ. ಕ್ಲಚ್ ಒತ್ತಿದಾಗ ಸದ್ದು ನಿಂತು, ನ್ಯೂಟ್ರಲ್‌ನಲ್ಲಿ ಬಿಟ್ಟಾಗ ಬಂದರೆ, ಗೇರ್ ಬಾಕ್ಸಿನ ಒಳಶಾಫ್ಟಿನ ಬೇರಿಂಗ್.

ಕ್ಲಚ್ ಪೆಡಲ್ ಇಲ್ಲದ ಎಎಂಟಿ ಕಾರುಗಳು ನಮ್ಮಲ್ಲಿ ಜನಸಾಮಾನ್ಯರಿಗೆ ಸಿಕ್ಕಿದ್ದು 2014ರಲ್ಲಿ, ಮಾರುತಿ ಸೆಲೆರಿಯೊ ಮೂಲಕ. ಅವುಗಳ ಒಳಗಿರುವುದು ಇದೇ ಮ್ಯಾನುಯಲ್ ಗೇರ್ ಬಾಕ್ಸು, ಇದೇ ಬಳೆಗಳು. ಕ್ಲಚ್ ಒತ್ತಿ ಗೇರ್ ಬದಲಿಸುವುದನ್ನು ಮಾತ್ರ ಒಂದು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ಗಾಡಿ ಒಂದು ಕ್ಷಣ ಉಸಿರು ಹಿಡಿದ ಹಾಗೆ ಆಗುತ್ತದೆ, ತಲೆ ಮುಂದಕ್ಕೆ ವಾಲುತ್ತದೆ ಅಂತ ಓಡಿಸಿದವರು ದೂರುತ್ತಾರೆ. ಗೆಳತಿಯ ಅಂಥ ಕಾರು ಓಡಿಸಿದಾಗ ನನಗೂ ಹಾಗೇ ಅನಿಸಿತು. ಆದರೆ ಕ್ಲಚ್ ಪೂರ್ತಿ ಒತ್ತಿ, ಗೇರ್ ಬಿದ್ದ ಮೇಲೆ ಬಿಡುವಷ್ಟು ಹೊತ್ತು ಅದು. ನಾನು ಎರಡು ವರ್ಷ ಅಪ್ಪನ ಕಾರಿಗೆ ಕೊಡದೇ ಹೋದದ್ದು ಅಷ್ಟು ಹೊತ್ತನ್ನೇ.

ಆಯಿಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎಂಜಿನ್ ಆಯಿಲ್ ಎಲ್ಲರೂ ಬದಲಿಸುತ್ತಾರೆ, ಗೇರ್ ಆಯಿಲ್ ಎಷ್ಟೋ ಗಾಡಿಗಳಲ್ಲಿ ಮಾರುವ ತನಕ ಹಾಗೇ ಇರುತ್ತದೆ. ಹಾಕುವಾಗಲೂ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಬೇಕು. ಜಿಎಲ್-4, ಜಿಎಲ್-5 ಅನ್ನುವುದು ಗೇರ್ ಆಯಿಲ್‌ನ ದರ್ಜೆಗಳು. ಜಿಎಲ್-4 ಹೇಳಿರುವ ಕಡೆ ಜಿಎಲ್-5 ಇನ್ನೂ ಒಳ್ಳೆಯದು ಅಂತ ಸುರಿಸುವವರಿದ್ದಾರೆ. ಜಿಎಲ್-5ರಲ್ಲಿ ಭಾರೀ ಒತ್ತಡ ತಡೆಯಲು ಗಂಧಕ, ರಂಜಕ ಇರುವ ಸಂಯುಕ್ತಗಳನ್ನು ಜಾಸ್ತಿ ಸೇರಿಸಿರುತ್ತಾರೆ. ಅವು ಹಿತ್ತಾಳೆಯನ್ನು ತಿನ್ನಬಹುದು. ಅದೂ ಅಲ್ಲದೆ ಎಣ್ಣೆ ತುಂಬ ಜಾರಿದರೆ ಬಳೆ ಕೋನನ್ನು ಹಿಡಿಯುವುದು ಹೇಗೆ? ಹಿಡಿಯಲು ಸ್ವಲ್ಪ ಒರಟು ಬೇಕು. ಚಳಿಗಾಲದ ಬೆಳಿಗ್ಗೆ ನಮ್ಮ ಕಡೆ ಎರಡನೇ ಗೇರ್ ಬಿಗಿಯಾಗುವುದು ಎಣ್ಣೆ ಗಟ್ಟಿಯಾಗಿರುವುದರಿಂದ. ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಹಾಕಿದರೆ ಆಯಿತು.

ಬಳೆ ಬದಲಿಸಿ ಆರು ವರ್ಷವಾಯಿತು. ಹೋದ ತಿಂಗಳು ಗೇರ್ ಆಯಿಲ್ ಬದಲಿಸಲು ಅದೇ ಗ್ಯಾರೇಜಿಗೆ ಹೋಗಿದ್ದೆ. ಅವರಿಗೆ ಈಗ ಕಣ್ಣು ಸ್ವಲ್ಪ ಮಂಜು, ಕೆಲಸವೆಲ್ಲ ಮಗನದು. ಡ್ರೈನ್ ಬೋಲ್ಟ್ ಬಿಚ್ಚಿದಾಗ ಅದರ ಅಯಸ್ಕಾಂತದ ತುದಿಯಲ್ಲಿ ಕಪ್ಪು ಕೆಸರಿನಂಥ ಕಬ್ಬಿಣದ ಪುಡಿ ಇತ್ತು. ಮಗ ಅದನ್ನು ಒರೆಸಿಟ್ಟ. ಆದರೆ ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಎಣ್ಣೆಯಲ್ಲೇ ತೇಲುತ್ತದೆ. ಅವರು ಎದ್ದು ಬಂದು, ಹಳೇ ಎಣ್ಣೆಯ ಟಿನ್ನನ್ನು ಬಿಸಿಲಿಗೆ ಓರೆ ಹಿಡಿದು, ನನ್ನನ್ನು ಕರೆದು, “ನಿಂಗೆ ಎಷ್ಟು ಕಾಣ್ತದೆ ಹೇಳು” ಅಂದರು. ಹೋದ ಸಲ ಬಂಗಾರದ ಬಣ್ಣದ ಪುಡಿ ಕಲಸಿದ ಹಾಗಿತ್ತು ಆ ಎಣ್ಣೆ. ಈ ಸಲ ಟಿನ್ ಅಲುಗಿಸಿದಾಗ ಅಲ್ಲೊಂದು ಇಲ್ಲೊಂದು ಮಿನುಗಿತು. ಹಾಗೇ ಹೇಳಿದೆ. “ಅಷ್ಟು ಇರ್ಬೇಕು, ಓಡೋ ಗಾಡಿ ಅಲ್ವಾ” ಅಂದು ಟಿನ್ ಕೆಳಗಿಟ್ಟರು.